ನಾಲ್ಕು ನಟ್ಟಿನ ಮೇಲಿನ ಬಿಳಿ ಗೀಟು

ಮೇಸ್ತ್ರಿಗೆ ಕೋಪ ಬರುವುದಕ್ಕೆ ಕಾರಣ ಬೇಕೆಂದೇನೂ ಇರಲಿಲ್ಲ. ಇದ್ದರೆ ಅನುಕೂಲ, ಅಷ್ಟೆ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದು ನಿವೃತ್ತನಾದ ಮೇಲೆ ಆ ಕೋಪಕ್ಕೆ ಮಾಡಲು ಕೆಲಸವಿಲ್ಲದೆ ಅದು ಮನೆಯೊಳಗೇ ಓಡಾಡಿಕೊಂಡಿತ್ತು. ಹಾಲಿನವನು ಗೇಟಿನ ಚಿಲಕ ಹಾಕಲಿಲ್ಲ ಎಂದು ಬೆಳಿಗ್ಗೆ, ಪಕ್ಕದ ಮನೆಯ ರೇಡಿಯೊ ಎಂದು ಮಧ್ಯಾಹ್ನ, ಏನೂ ಸಿಗದಿದ್ದರೆ ಸಂಜೆ ಹೆಂಡತಿಯ ಮೇಲೆ. ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಮಗಳು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತವಿರುವ, ಇಪ್ಪತ್ತೆರಡು ವರ್ಷ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದಳು. ಕೋಪಕ್ಕೆ ಕೊನೆಗೂ ತಕ್ಕ ಉದ್ಯೋಗ ಸಿಕ್ಕಿತು.

ಮಗಳು ದನದ ಡಾಕ್ಟರು. ಗುಡ್ಡದಾಚೆ, ಸೇತುವೆಯಿಲ್ಲದ ನದಿಯ ಆ ದಡದಲ್ಲಿ ಏಳು ಹಳ್ಳಿಗಳು ಅವಳ ಪಾಲಿಗೆ ಬಂದಿದ್ದವು. ಮಳೆ ಹಿಡಿಯುವ ಮೊದಲು ಅಲ್ಲಿನ ಜಾನುವಾರುಗಳಿಗೆಲ್ಲ ಲಸಿಕೆ ಹಾಕಿ ಮುಗಿಸಬೇಕು. ಇಲಾಖೆ ಕೊಟ್ಟ ವ್ಯಾನು ಗುಡ್ಡದ ಮೊದಲ ತಿರುವಿನಲ್ಲೇ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಹಾಗಾಗಿ ಅವಳೇ ಗಾಡಿ ಕೊಂಡಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ಮೇಸ್ತ್ರಿಯ ಲೆಕ್ಕದಲ್ಲಿ ತಪ್ಪು ಎರಡಿತ್ತು: ಒಂದು, ಅಪ್ಪನನ್ನು ಕೇಳದೆ ಕೊಂಡದ್ದು, ಇನ್ನೊಂದು, ಸ್ಟೋರಿನವನಿಂದ ಕೊಂಡದ್ದು.

ಸ್ಟೋರಿನವನು ಅಂದರೆ ಅದೇ ಡಿಪೋದಲ್ಲಿ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುತ್ತಿದ್ದವನು. ಮೂರು ಬೀದಿ ಆಚೆ ಅವನ ಮನೆ. ಮೇಸ್ತ್ರಿ ಅವನ ಜೊತೆ ಮಾತು ಬಿಟ್ಟು ಹದಿನೆಂಟು ವರ್ಷವಾಗಿತ್ತು. ಎದುರಿಗೆ ಬಂದರೆ ಇವನು ರಸ್ತೆ ದಾಟಿ ಆ ಕಡೆಯಿಂದ ನಡೆಯುತ್ತಿದ್ದ. ಆ ಹಗೆ ಅರ್ಥವಾಗಬೇಕಾದರೆ ಮೊದಲು ಗೀಟಿನ ವಿಷಯ ತಿಳಿಯಬೇಕು.

ಡಿಪೋ ಸೇರಿದ ಹೊಸತರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ಒಂದು ಬಸ್ಸಿನ ಕೆಳಗಿನಿಂದ ಎದ್ದುಬಂದವನನ್ನು ಫೋರ್‌ಮನ್ ನಿಲ್ಲಿಸಿ ಕೇಳಿದ್ದ: "ಎಲ್ಲಾ ಬಿಗಿ ಮಾಡಿದ್ದೀಯಾ?" ಮಾಡಿದ್ದೇನೆ ಎಂದ. "ಆಣೆ ಮಾಡಿ ಹೇಳ್ತೀಯಾ?" ಆಣೆ ಮಾಡಲಾಗಲಿಲ್ಲ. ಒಂದು ನಟ್ಟಿನ ಮೇಲೆ ಮನಸ್ಸಿನಲ್ಲಿ ಅನುಮಾನವಿತ್ತು. ಯಾವ ನಟ್ಟು ಎಂದು ಗೊತ್ತಿರಲಿಲ್ಲ. ಫೋರ್‌ಮನ್ ಅವನಿಂದ ನಲವತ್ತೆಂಟು ನಟ್ಟನ್ನೂ ಬಿಚ್ಚಿಸಿ ಮತ್ತೆ ಹಾಕಿಸಿದ. ಊಟದ ಹೊತ್ತು ಮೀರಿತು, ಉಳಿದವರೆಲ್ಲ ಸುತ್ತ ನಿಂತು ನಕ್ಕರು. ಮಾರನೆಯ ದಿನದಿಂದ ಇವನು ಜೇಬಿನಲ್ಲಿ ಬಿಳಿ ಬಣ್ಣದ ಚಿಕ್ಕ ಡಬ್ಬಿ, ಕೂದಲು ಸವೆದ ಒಂದು ಬ್ರಷ್ ಇಟ್ಟುಕೊಂಡ. ಮೊದಲು ಸ್ಪ್ಯಾನರ್, ಪೂರ್ತಿ ಬಿಗಿ, ಆಮೇಲೆ ನಟ್ಟಿನಿಂದ ಬೋಲ್ಟಿನವರೆಗೆ ಒಂದು ಬಿಳಿ ಗೀಟು. ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಗೀಟು ತುಂಡಾಗಿ ಕಾಣುತ್ತದೆ. ಗೀಟು ನೆಟ್ಟಗಿದ್ದರೆ ಇನ್ನೊಬ್ಬ ಅಲ್ಲಿಗೆ ಕೈ ಹಾಕಬೇಕಾಗಿಲ್ಲ. ಕೈ ಹಾಕಿದರೆ ಮೇಸ್ತ್ರಿ ಅವನ ವಂಶವನ್ನೆಲ್ಲ ಎಳೆದು ತಂದು ಬಯ್ಯುತ್ತಿದ್ದ. ಎರಡೇ ವರ್ಷದಲ್ಲಿ ಡಿಪೋದವರು ಅವನನ್ನು ಗೀಟು ಮೇಸ್ತ್ರಿ ಎಂದೇ ಕರೆಯತೊಡಗಿದರು.

ಗೀಟು ಮನೆಗೂ ಬಂತು. ಗ್ಯಾಸಿನ ಒಲೆಗೆ, ಫ್ಯಾನಿನ ಕೊಂಡಿಗೆ, ನಲ್ಲಿಗಳಿಗೆ, ಹೆಂಡತಿಯ ಹೊಲಿಗೆ ಯಂತ್ರದ ಕಾಲಿಗೆ ಎಲ್ಲಕ್ಕೂ ಬಿಳಿ. "ನನಗೊಂದು ಎಳೆದಿಲ್ಲ ನೋಡು, ಅಷ್ಟು ಪುಣ್ಯ" ಎಂದು ಹೆಂಡತಿ ನೆಂಟರೆದುರು ನಗುತ್ತಿದ್ದಳು. ಮಗಳಿಗೆ ನಾಲ್ಕು ವರ್ಷವಿದ್ದಾಗ ತನ್ನ ಮೂರು ಗಾಲಿಯ ಸೈಕಲ್ಲಿನ ಗೀಟೆಳೆದ ನಟ್ಟನ್ನು ಬಿಚ್ಚಲು ಹೋಗಿ ಅಪ್ಪನಿಂದ ಕೆನ್ನೆಗೆ ಏಟು ತಿಂದಿದ್ದಳು. ಅವನು ಅವಳನ್ನು ಹೊಡೆದದ್ದು ಅದೊಂದೇ ಸಲ. ಬಿಳಿಯಿದ್ದಲ್ಲಿ ಕೈ ಇಡಬಾರದು ಎಂಬುದನ್ನು ಅವಳು ಅಕ್ಷರ ಕಲಿಯುವ ಮೊದಲೇ ಕಲಿತಳು.

ಇಂಥವನ ಗೀಟಿನ ಬಗ್ಗೆ ಸ್ಟೋರಿನವನು ಬಾಯಿ ಬಿಟ್ಟಿದ್ದ. ಹದಿನೆಂಟು ವರ್ಷದ ಹಿಂದೆ ಬಸ್ಸೊಂದು ಚಕ್ರದ ಎರಡು ನಟ್ಟು ಕಳೆದುಕೊಂಡು ಡಿಪೋಗೆ ಬಂತು. ಉಳಿದ ನಟ್ಟುಗಳ ಮೇಲೆ ಬಿಳಿ ಇತ್ತು. ಕ್ಯಾಂಟೀನಿನಲ್ಲಿ ಐವತ್ತು ಜನರ ಮುಂದೆ ಸ್ಟೋರಿನವನು ಬಾಯಲ್ಲಿ ಬ್ರೆಡ್ಡು ತುಂಬಿಕೊಂಡು ಹೇಳಿದ: "ಗೀಟಿಗೇನ್ರಿ, ಡಬ್ಬಿ ಇದ್ದೋನು ಯಾರು ಬೇಕಾದ್ರೂ ಎಳೀಬಹುದು. ಒಳಗೆ ಬಿಗಿ ಇದೆಯೋ ಇಲ್ವೋ ಗೀಟಿಗೆ ಹೇಗೆ ಗೊತ್ತು?" ವಿಚಾರಣೆಯಲ್ಲಿ ಆ ಚಕ್ರವನ್ನು ದಾರಿಯಲ್ಲಿ ಬೇರೆ ಯಾರೋ ಬಿಚ್ಚಿ ಹಾಕಿದ್ದು ಎಂದು ಸಾಬೀತಾಯಿತು. ಮೇಸ್ತ್ರಿಯ ತಪ್ಪಿರಲಿಲ್ಲ. ಆದರೆ ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಈಗ ಹೆತ್ತ ಮಗಳು ಅವನ ಹತ್ತಿರವೇ ಹೋಗಿ, ಅವನ ಮನೆಯ ಕಾಫಿ ಕುಡಿದು, ಅವನ ಗಾಡಿ ಕೊಂಡು ಬಂದಿದ್ದಳು.

"ನಿನ್ನ ಮಗಳಿಗೆ ಹೇಳು, ಆ ಕಸ ನನ್ನ ಅಂಗಳದಲ್ಲಿ ಬೇಡ ಅಂತ" ಎಂದು ಮೇಸ್ತ್ರಿ ಹೆಂಡತಿಗೆ ಹೇಳಿದ. ಮಗಳು ಎರಡು ಮಾರು ದೂರದಲ್ಲೇ ನಿಂತಿದ್ದಳು.

"ಅಮ್ಮ, ಅಂಗಳದ ಅರ್ಧ ನಿನ್ನ ಹೆಸರಲ್ಲಿದೆ ಅಂತ ಅವರಿಗೆ ನೆನಪಿಸು. ಗಾಡಿ ನಿನ್ನ ಅರ್ಧದಲ್ಲಿ ನಿಂತಿದೆ."

ಹೆಂಡತಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನಾನೇನು ಪೋಸ್ಟ್ ಮ್ಯಾನಾ? ಇಬ್ಬರಿಗೂ ಕಿವಿ ಇದೆ, ಬಾಯಂತೂ ದೇವರು ಧಾರಾಳವಾಗಿ ಕೊಟ್ಟಿದ್ದಾನೆ" ಎಂದಳು.

ಮೂರು ವಾರ ಹೀಗೇ ನಡೆಯಿತು. ಮಗಳು ರಜೆಯ ದಿನಗಳಲ್ಲಿ, ಕೆಲಸ ಮುಗಿದ ಸಂಜೆಗಳಲ್ಲಿ ಗಾಡಿಯ ಕೆಳಗೆ ಟಾರ್ಪಾಲಿನ್ ಹಾಸಿಕೊಂಡು ಮಲಗುತ್ತಿದ್ದಳು. ಮೊದಲು ಮುಂದಿನ ತಗಡಿನ ಬಂಪರ್ ಕಿತ್ತು ದಪ್ಪ ಉಕ್ಕಿನದನ್ನು ಕೂರಿಸಿದಳು. ಅದರ ನಡುವೆ ವಿಂಚ್, ಅಂದರೆ ಕೆಸರಲ್ಲಿ ಹೂತರೆ ಮರಕ್ಕೆ ಹಗ್ಗ ಕಟ್ಟಿ ಗಾಡಿ ತನ್ನನ್ನು ತಾನೇ ಎಳೆದುಕೊಳ್ಳುವ ಯಂತ್ರ. ಆಮೇಲೆ ಗಾಡಿಯನ್ನು ಮೂರು ಬೆರಳು ಎತ್ತರಿಸುವ ಹೊಸ ಪಟ್ಟಿ ಸ್ಪ್ರಿಂಗುಗಳು. ಕೊನೆಗೆ ಸ್ನಾರ್ಕೆಲ್. ನದಿಗೆ ಇಳಿದಾಗ ಎಂಜಿನ್ ನೀರು ಕುಡಿಯದಂತೆ ಮೇಲಿನಿಂದ ಉಸಿರೆಳೆದುಕೊಳ್ಳುವ ಕರಿಯ ಕೊಳವೆ ಅದು.

ಮೇಸ್ತ್ರಿ ಜಗಲಿಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಪೇಪರು ತಲೆಕೆಳಗಾಗಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಕಣ್ಣೆಲ್ಲ ಆ ಕಡೆಗೇ.

"ಆನೆ ಸೊಂಡಿಲು ಬಂತು" ಎಂದ, ಗೋಡೆಗೆ. "ಇನ್ನು ಬಾಲ ಒಂದು ಬಾಕಿ. ಫೋನ್ ನೋಡಿ ಮದುವೆ ಅಡುಗೆ ಮಾಡೋರನ್ನ ಕಂಡಿದ್ದೆ, ಫೋನ್ ನೋಡಿ ಗಾಡಿ ಕೊಯ್ಯೋರನ್ನ ಈಗ ನೋಡಿದೆ."

ಸೊಂಡಿಲು ಕೂರಿಸಲು ಗಾಡಿಯ ಪಕ್ಕೆಯ ತಗಡಿಗೆ ಅಂಗೈಯಗಲದ ತೂತು ಕೊರೆಯಬೇಕಿತ್ತು. ಒಮ್ಮೆ ಕೊರೆದರೆ ಮುಗಿಯಿತು, ತಪ್ಪಿದರೆ ಮುಚ್ಚಲಾಗದು. ಮಗಳು ಅಪ್ಪ ಎಸೆದ ಪೇಪರಿನಲ್ಲೇ ಅಚ್ಚು ಕತ್ತರಿಸಿಕೊಂಡು, ಅಂಟಿಸಿ, ಕಿತ್ತು, ಮತ್ತೆ ಅಳೆದು, ಮೂರನೆಯ ಸಲ ಗುರುತು ಹಾಕಿದಳು. ಡ್ರಿಲ್ ಕಿರುಚಿದಾಗ ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ತೂತು ಗುಂಡಗೆ ಬಂದಿತ್ತು. ಅವಳು ಅದರ ಅಂಚನ್ನು ಅರದಿಂದ ಉಜ್ಜಿ, ತುಕ್ಕು ಹಿಡಿಯದಂತೆ ಬಣ್ಣ ಬಳಿದು, ಕೀಲುಗಳಿಗೆಲ್ಲ ನೀರು ನುಗ್ಗದ ಅಂಟು ಹಚ್ಚಿದಳು. ಬಯ್ಯಲು ಏನೂ ಸಿಗದೆ ಮೇಸ್ತ್ರಿ ಆ ಸಂಜೆ ಕಾಫಿಗೆ ಸಕ್ಕರೆ ಹೆಚ್ಚಾಯಿತು ಎಂದು ಲೋಟ ಕುಕ್ಕಿದ.

ಅವನ ಹೊಟ್ಟೆಯಲ್ಲಿ ಇದ್ದದ್ದು ಬರೀ ಸಿಟ್ಟಲ್ಲ. ಹೆದರಿಕೆಯೂ ಇತ್ತು. ಗುಡ್ಡದ ಆ ಇಳಿಜಾರು ಅವನಿಗೆ ಗೊತ್ತು. ಎಡಗಡೆ ಕಟ್ಟೆಯಿಲ್ಲ, ಕೆಳಗೆ ಬರೀ ಬಂಡೆ. ಮಗಳು ಮಲಗಿ ಬಿಗಿ ಮಾಡುತ್ತಿದ್ದ ಪ್ರತಿ ನಟ್ಟೂ ಆ ಇಳಿಜಾರಿನಲ್ಲಿ ಅವಳ ಜೀವ ಹಿಡಿಯಬೇಕಾದದ್ದು. ಹೆದರಿಕೆಯನ್ನು ಹೇಳಿಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ. ಬಯ್ಯುವುದು ಚೆನ್ನಾಗಿ ಬರುತ್ತಿತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಮಗಳು ಲಸಿಕೆಯ ಪೆಟ್ಟಿಗೆಗೆ ಐಸು ತರಲು ಹೋದಳು. ಹೆಂಡತಿ ಮಲಗಿದ್ದಳು. ಮೇಸ್ತ್ರಿ ಗೇಟಿನತ್ತ ಒಮ್ಮೆ ನೋಡಿ, ಲುಂಗಿ ಎತ್ತಿ ಕಟ್ಟಿ, ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ತೂರಿದ.

ಬೈಗುಳದ ಪಟ್ಟಿಯನ್ನು ಮೊದಲೇ ತಯಾರು ಮಾಡಿಕೊಂಡು ಹೋಗಿದ್ದ. ಆದರೆ ಅಲ್ಲಿ ಕಂಡದ್ದು ಬೇರೆ. ಬಂಪರಿನ ಬೋಲ್ಟು ಬಿಗಿ. ವಿಂಚಿನ ಬೋಲ್ಟು ಬಿಗಿ. ಸ್ಪ್ರಿಂಗನ್ನು ಚಕ್ರದ ಅಚ್ಚಿಗೆ ಕಚ್ಚಿ ಹಿಡಿಯುವ ಯು-ಬೋಲ್ಟುಗಳು, ಚಕ್ರಕ್ಕೆ ನಾಲ್ಕು ನಟ್ಟಿನಂತೆ ಹದಿನಾರು, ಎಲ್ಲ ಬಿಗಿ. ಪ್ರತಿಯೊಂದರ ಮೇಲೂ ನಟ್ಟಿನಿಂದ ಬೋಲ್ಟಿಗೆ ಒಂದು ಗೀಟು. ಕೆಂಪು ಗೀಟು. ಮೂಸಿ ನೋಡಿದ, ನೇಲ್ ಪಾಲಿಶ್. ಜನ್ಮದಲ್ಲಿ ಉಗುರಿಗೆ ಹಚ್ಚದವಳು ನಟ್ಟಿಗೆ ಹಚ್ಚಿದ್ದಳು.

ಬೇರೆ ಅಪ್ಪನಾಗಿದ್ದರೆ ಅಲ್ಲೇ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದನೇನೋ. ಮೇಸ್ತ್ರಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಗೀಟು ಅವನದು. ಮೂವತ್ತೊಂದು ವರ್ಷ ಎಣ್ಣೆ ಮಣ್ಣು ತಿಂದು ಸಂಪಾದಿಸಿದ್ದು. ಕೇಳದೆ ಎತ್ತಿಕೊಂಡು, ಮೇಲೆ ತನ್ನದೇ ಬಣ್ಣ ಬಳಿದಿದ್ದಾಳೆ. "ನಿನ್ನ ಕೆಂಪು ಏನು ಮಹಾ" ಎಂದು ಗೊಣಗುತ್ತ ಮುಂದಿನ ಎಡ ಚಕ್ರದ ನಾಲ್ಕು ಯು-ಬೋಲ್ಟ್ ನಟ್ಟಿನ ಮೇಲೆ, ಅಲ್ಲೇ ಬಿದ್ದಿದ್ದ, ಬಣ್ಣ ಕರಗಿಸುವ ಥಿನ್ನರಿನ ಬಟ್ಟೆ ಉಜ್ಜಿದ. ಕೆಂಪು ಹೋಯಿತು. ಅಷ್ಟಕ್ಕೇ ಸಮಾಧಾನವಾಗದೆ ನಾಲ್ಕನ್ನೂ ಪೂರ್ತಿ ಸಡಿಲಿಸಿದ. ಮೊದಲಿನಿಂದ ತಾನೇ ಬಿಗಿ ಮಾಡಿ ತನ್ನ ಬಿಳಿ ಎಳೆಯಬೇಕು. ಎಡಗಡೆಯಾದರೂ, ಆ ಬಂಡೆಗಳ ಕಡೆಯಾದರೂ, ತನ್ನ ಕೈಯದಿರಬೇಕು.

ನಟ್ಟುಗಳನ್ನು ಬೆರಳಲ್ಲಿ ತಿರುಗಿಸಿ ತಳ ಮುಟ್ಟಿಸಿದ. ಇನ್ನು ಅವುಗಳನ್ನು ಬಿಗಿ ಮಾಡಲು ಸ್ಪ್ಯಾನರಿನ ಹಿಡಿಗೆ ಮೂರು ಅಡಿಯ ಕಬ್ಬಿಣದ ಪೈಪು ಸಿಕ್ಕಿಸಿ ಎಳೆಯಬೇಕು. ಪೈಪು ಬಚ್ಚಲುಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುತ್ತಿತ್ತು. ತರಲು ಹೊರಳುವಷ್ಟರಲ್ಲಿ ಗೇಟು ಕಿರ್ರೆಂದಿತು.

ಬರಿಯ ನಟ್ಟು ಕಂಡರೆ ಮಗಳು ಸ್ಪ್ಯಾನರ್ ಕಿತ್ತುಕೊಂಡು ತಾನೇ ಬಿಗಿ ಮಾಡಿ ಮತ್ತೆ ಕೆಂಪು ಬಳಿಯುತ್ತಾಳೆ. ಬಿಳಿ ಕಂಡರೆ ಮುಟ್ಟುವುದಿಲ್ಲ. ಮೇಸ್ತ್ರಿ ಜೇಬಿಗೆ ಕೈ ಹಾಕಿ, ಡಬ್ಬಿ ತೆಗೆದು, ಒಂದು, ಎರಡು, ಮೂರು, ನಾಲ್ಕು ಎಂದು ಗೀಟು ಎಳೆದುಬಿಟ್ಟ. ಬಿಗಿ ಆಮೇಲೆ ಮಾಡಿದರಾಯಿತು, ಅವಳು ಒಳಗೆ ಹೋಗಲಿ. ಬದುಕಿನಲ್ಲಿ ಮೊದಲ ಸಲ ಸ್ಪ್ಯಾನರಿಗಿಂತ ಮುಂಚೆ ಬ್ರಷ್ ಓಡಿತ್ತು.

ಅವಳು ಒಳಗೆ ಹೋಗಲಿಲ್ಲ. ಗಾಡಿಯ ಕೆಳಗಿನಿಂದ ಹೊರಗೆ ಚಾಚಿದ್ದ ಎರಡು ಕಾಲು ನೋಡಿ ಬಗ್ಗಿದಳು. ಟಾರ್ಚಿನ ಬೆಳಕು ಬಿಟ್ಟಳು. ಬಿಳಿ ಕಂಡಿತು.

"ನನ್ನ ಕೆಂಪು ಅಳಿಸಿದ್ಯಾ?"

"ಅದನ್ನ ಗೀಟು ಅಂತಾರಾ? ಉಗುರಿಗೆ ಹಚ್ಚೋದನ್ನ ತಂದು..."

"ಯಾರು ಹೇಳಿದ್ರು ಮುಟ್ಟು ಅಂತ? ಮೂರು ವಾರ ಜಗಲಿ ಮೇಲೆ ಕೂತು ಗೋಡೆ ಹತ್ರ ನನ್ನ ಬೈದೆ. ಒಂದು ದಿನ ಬಂದು ಹಿಂಗೆ ಹಿಡಿ ಅಂತ ಹೇಳ್ಲಿಲ್ಲ. ಕಳ್ಳನ ಥರ ಈಗ ಬಂದಿದ್ದೀಯ!"

"ನನ್ನ ಮನೆಯಲ್ಲಿ ನಾನು ಕಳ್ಳನಾ? ಆ ಬಾಯಿಬಡುಕನ ಗಾಡಿ ತಂದು ನನ್ನ ಎದೆ ಮೇಲೆ ನಿಲ್ಲಿಸಿದೋಳು ನೀನು!"

"ನಿನಗೆ ಎಲ್ಲಾ ನಿನ್ನ ಎದೆ ಮೇಲೇ ನಿಲ್ಲತ್ತೆ. ಒಂದು ಮಾತು ಹೇಳ್ತೀನಿ ಕೇಳು ಅಪ್ಪ. ನೀನು ಬಿಗಿ ಮಾಡಿದ್ದು ಬರೀ ನಟ್ಟಲ್ಲ, ಮನೆಯವರ ಕುತ್ತಿಗೆ. ಅಮ್ಮ ಇಪ್ಪತ್ತೆಂಟು ವರ್ಷದಿಂದ ಉಸಿರು ಬಿಗಿ ಹಿಡಿದು ಬದುಕ್ತಿದ್ದಾಳೆ."

ಹೆಂಡತಿ ಎದ್ದು ಬಾಗಿಲಿಗೆ ಬಂದಿದ್ದಳು. ಮೇಸ್ತ್ರಿ ಅವಳ ಮುಖ ನೋಡಿದ, ಅವಳು ಇಲ್ಲ ಎನ್ನುತ್ತಾಳೆಂದು ಕಾದ. ಅವಳು ಏನೂ ಅನ್ನಲಿಲ್ಲ.

"ಹೋಗು!" ಎಂದು ಅವನು ಮಗಳ ಮೇಲೆ ಕೂಗಿದ. "ಆ ಗಾಡಿ ನದಿಯಲ್ಲಿ ಮುಳುಗಿದ್ರೂ ನಾನು ಬಂದು ನೋಡಲ್ಲ."

ಮೆಟ್ಟು ಹಾಕಿಕೊಳ್ಳದೆ ಹೊರಟ. ಪಾರ್ಕಿನ ಬೆಂಚಿನ ಮೇಲೆ ಕತ್ತಲಾಗುವವರೆಗೆ ಕೂತು ಮಗಳ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ. ಪ್ರತಿ ಸಲವೂ ಅದಕ್ಕೊಂದು ಇನ್ನೂ ಕಟುವಾದ ಉತ್ತರ ಹೊಳೆಯುತ್ತಿತ್ತು. ಕುತ್ತಿಗೆ, ಕಳ್ಳ, ಹೆಂಡತಿಯ ಮೌನ ಎಲ್ಲ ನೆನಪಿಗೆ ಬಂದವು. ನಟ್ಟು ಬರಲಿಲ್ಲ. ಅದರಲ್ಲಿ ಆಶ್ಚರ್ಯವೇನಿಲ್ಲ. ಗೀಟು ಎಳೆದ ಮೇಲೆ ಆ ನಟ್ಟಿನ ಯೋಚನೆ ಬಿಟ್ಟುಬಿಡುವುದನ್ನು ಅವನ ತಲೆ ಮೂವತ್ತೊಂದು ವರ್ಷ ಅಭ್ಯಾಸ ಮಾಡಿತ್ತು. ಬೆಳಿಗ್ಗೆ ಆರಕ್ಕೆ ಗಾಡಿ ಹೊರಟ ಸದ್ದು ಕೇಳಿದಾಗಲೂ ಅವನು ಗೋಡೆಯತ್ತ ಮುಖ ಮಾಡಿ ಮಲಗಿದ್ದ.

ಒಂಬತ್ತು ಗಂಟೆಗೆ ಅಡುಗೆಮನೆಯ ನಲ್ಲಿ ಬುಡದಲ್ಲಿ ಜಿನುಗುತ್ತಿದೆ ಎಂದು ಹೆಂಡತಿ ಹೇಳಿದಳು. ನಿನ್ನೆಯಿಂದ ಅವಳು ಆಡಿದ ಮೊದಲ ಮಾತು ಅದು. ಮೇಸ್ತ್ರಿ ಸ್ಪ್ಯಾನರ್ ತಂದು ನಟ್ಟು ಬಿಗಿ ಮಾಡಿದ. ಜೇಬಿನಿಂದ ಡಬ್ಬಿ ತೆಗೆದ. ಬ್ರಷ್ ಅದ್ದಿದ. ಕೈ ಅಲ್ಲೇ ನಿಂತಿತು.

ನಿನ್ನೆ ಬ್ರಷ್ ಅದ್ದಿದ್ದು ನೆನಪಿದೆ. ಅದಕ್ಕೆ ಮೊದಲು ಪೈಪು ಎಳೆದದ್ದು?

ಬಚ್ಚಲುಮನೆಗೆ ಓಡಿದ. ಪೈಪು ಮೊಳೆಯಲ್ಲಿತ್ತು. ಪೈಪಿಗೂ ಗೋಡೆಗೂ ನಡುವೆ ಜೇಡ ಬಲೆ ಕಟ್ಟಿತ್ತು. ಬಲೆ ಹರಿದಿರಲಿಲ್ಲ.

ಫೋನ್ ಮಾಡಿದ. ಮಗಳು ಕತ್ತರಿಸಿದಳು. ಮತ್ತೆ ಮಾಡಿದ, ಮತ್ತೆ ಕತ್ತರಿಸಿದಳು. ಹೆಂಡತಿಯ ಫೋನಿನಿಂದ ಮಾಡುವ ಹೊತ್ತಿಗೆ ಸಂಪರ್ಕ ಸಿಗುತ್ತಿಲ್ಲ ಎಂಬ ಹೆಂಗಸಿನ ದನಿ ಬಂತು. ಗುಡ್ಡ ಹತ್ತಿಬಿಟ್ಟಿದ್ದಾಳೆ. ಆ ಕಡೆಗೆ ಬಸ್ಸು ಇರುವುದು ಮಧ್ಯಾಹ್ನ ಎರಡಕ್ಕೆ.

"ಏನಾಯ್ತು?" ಎಂದು ಹೆಂಡತಿ ಕೇಳಿದಳು. ಅವನು ಹೇಳಲಿಲ್ಲ. ಪೈಪು ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದ. ಹೊತ್ತುಗೊತ್ತಿಲ್ಲದೆ ಗಾಡಿ ತೆಗೆದು ಗುಡ್ಡದ ದಾರಿಗೆ ಬರಬಲ್ಲವನು ಸುತ್ತಮುತ್ತ ಒಬ್ಬನೇ ಇದ್ದ. ಅವನ ಮನೆ ಮೂರು ಬೀದಿ ಆಚೆ.

ಸ್ಟೋರಿನವನು ಬಾಗಿಲು ತೆಗೆದು, ಪೈಪು ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. "ಹೊಡೆಯೋಕೆ ಬಂದ್ಯಾ? ಹದಿನೆಂಟು ವರ್ಷ ತಡವಾಯ್ತಲ್ಲ."

"ನಿನ್ನ ಕಾರು ಬೇಕು. ಗುಡ್ಡದ ಕಡೆ. ಈಗಲೇ."

"ಯಾಕೆ?"

"ಮಗಳು... ಒಂದು ಸಾಮಾನು ಬಿಟ್ಟು ಹೋಗಿದ್ದಾಳೆ."

ಸ್ಟೋರಿನವನು ಅವನ ಬರಿಗಾಲು ನೋಡಿದ, ಮುಖ ನೋಡಿದ. ಒಳಗೆ ಹೋಗಿ ಬೀಗದ ಕೈ ತಂದ. ಒಳ್ಳೆಯತನ ಎಂದು ಯಾರೂ ತಿಳಿಯಬಾರದು. ಮೂರು ಗಂಟೆಯ ದಾರಿಯುದ್ದಕ್ಕೂ ಅವನು ಬಾಡಿಗೆಯನ್ನು ಮಾತಿನಲ್ಲೇ ವಸೂಲಿ ಮಾಡಿದ.

"ನನ್ನ ಗಾಡಿ ಕಸ ಅಂದ್ಯಂತೆ. ಆ ಕಸದ ಎಂಜಿನ್ ನಾನು ಎರಡು ಸಲ ಬಿಚ್ಚಿ ಕಟ್ಟಿದ್ದೀನಿ."

"ರಸ್ತೆ ನೋಡಿ ಓಡಿಸು."

"ನೋಡ್ತಿದ್ದೀನಿ. ನಿನ್ನ ಹಂಗೆ ಮೂಗು ನೋಡ್ಕೊಂಡು ಓಡಿಸಲ್ಲ. ನಿನ್ನ ಮಗಳು ಗಾಡಿ ನೋಡೋಕೆ ಬಂದಾಗ ಮೊದಲು ಏನು ಕೇಳಿದ್ಲು ಗೊತ್ತಾ? ಇದರ ಕೆಳಗೆ ಎಲ್ಲಾದ್ರೂ ನಮ್ಮಪ್ಪನ ಬಿಳಿ ಗೀಟು ಇದೆಯಾ ಅಂತ. ಇಲ್ಲ ಅಂದೆ. ಹಾಗಾದ್ರೆ ಎಲ್ಲಾ ಬಿಚ್ಚಿ ನೋಡಬೇಕು ಅಂದ್ಲು. ಮೈ ಉರೀತು ನನಗೆ."

ಮೇಸ್ತ್ರಿ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯಿಂದ ಆಚೆ ನೋಡಿದ. ಪ್ರತಿ ತಿರುವಿನಲ್ಲೂ ಎಡಗಡೆಯ ಬಂಡೆಗಳ ಸಂದಿಯಲ್ಲಿ ಕಣ್ಣು ಹುಡುಕುತ್ತಿತ್ತು. ಕರಿಯ ಸೊಂಡಿಲೊಂದು ಕಂಡೀತು ಎಂದು ಹುಡುಕುತ್ತಿತ್ತು, ಕಾಣದಿರಲಿ ಎಂದು ಬೇಡುತ್ತಿತ್ತು.

ಇಳಿಜಾರು ಶುರುವಾಗಿ ಎರಡು ತಿರುವು ಕಳೆದ ಮೇಲೆ ಗಾಡಿ ಸಿಕ್ಕಿತು. ಗುಡ್ಡದ ಬದಿಗೆ ಒತ್ತಿ ನಿಂತಿತ್ತು. ಚಕ್ರಗಳ ಕೆಳಗೆ ಕಲ್ಲು ಇಟ್ಟಿತ್ತು. ಟಾರ್ಪಾಲಿನ್ ಮೇಲೆ ಸಾಮಾನೆಲ್ಲ ಹರಡಿತ್ತು: ಶಾಕ್ ಅಬ್ಸಾರ್ಬರುಗಳು, ರಬ್ಬರ್ ಬುಶ್ಶುಗಳು, ವಿಂಚಿನ ಮುಚ್ಚಳ, ಎಣ್ಣೆ ಬಟ್ಟೆ. ಕೆಳಗಿನಿಂದ ಎರಡು ಕಾಲು ಚಾಚಿದ್ದವು. ಮೇಸ್ತ್ರಿ ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದ. ಕಾಲು ಅಲುಗಾಡಿದವು. ಮಗಳು ಹೊರಗೆ ತೆವಳಿದಳು, ಮೊಣಕೈವರೆಗೆ ಮಸಿ.

"ಮುಳುಗಿದ್ರೂ ಬಂದು ನೋಡಲ್ಲ ಅಂದಿದ್ದೆ" ಎಂದಳು. "ಇನ್ನೂ ಮುಳುಗಿಲ್ಲ. ನೋಡಿದ್ದಾಯ್ತಲ್ಲ, ಹೋಗು."

"ಏನಾಗಿದೆ ಗಾಡಿಗೆ?" ಎಂದು ಸ್ಟೋರಿನವನು ಕೇಳಿದ.

ಮಗಳು ಅವನಿಗೆ ಹೇಳಿದಳು, ಅಪ್ಪನಿಗಲ್ಲ. "ಗುಡ್ಡ ಹತ್ತಿದಾಗಿಂದ ಕಟ್ ಅಂತ ಸದ್ದು. ಬ್ರೇಕ್ ಒತ್ತಿದ್ರೆ ಗಾಡಿ ಎಡಕ್ಕೆ ಎಳೀತು. ಎಲ್ಲೋ ಏನೋ ಸಡಿಲ ಇದೆ. ಎರಡು ಗಂಟೆಯಿಂದ ಹುಡುಕ್ತಿದ್ದೀನಿ. ಹನ್ನೆರಡು ಯು-ಬೋಲ್ಟ್ ನಟ್ಟು ಎರಡೆರಡು ಸಲ ಬಿಗಿ ಮಾಡಿದೆ. ಶಾಕ್ ಬಿಚ್ಚಿದೆ, ಬುಶ್ ನೋಡಿದೆ, ವಿಂಚ್ ನೋಡಿದೆ. ಎಲ್ಲಾ ನಾನು ಮಾಡಿದ್ದು, ಎಲ್ಲೋ ನಾನೇ ತಪ್ಪಿದ್ದೀನಿ."

"ಯು-ಬೋಲ್ಟಿಗೆ ಹದಿನಾರು ನಟ್ಟಲ್ವಾ?" ಎಂದ ಸ್ಟೋರಿನವನು.

"ಮುಂದಿನ ಎಡಗಡೆ ನಾಲ್ಕು ಅಪ್ಪಂದು. ಟಾರ್ಚ್ ಬಿಟ್ಟು ನೋಡ್ದೆ, ಗೀಟು ನೆಟ್ಟಗಿದೆ. ಅದರಲ್ಲಿ ಹುಡುಕೋದೇನಿದೆ?"

ಹಾಗೆ ಹೇಳುವಾಗ ಅವಳ ದನಿಯಲ್ಲಿ ಪ್ರೀತಿ ಇರಲಿಲ್ಲ, ಕೋಪವೂ ಇರಲಿಲ್ಲ. ಎರಡೂ ಎರಡೂ ನಾಲ್ಕು ಎನ್ನುವಂತೆ ಹೇಳಿದಳು. ಕಳ್ಳ ಅಂದಾಗ ತಡೆದುಕೊಂಡಿದ್ದ, ಕುತ್ತಿಗೆ ಬಿಗಿದೆ ಅಂದಾಗಲೂ ತಡೆದುಕೊಂಡಿದ್ದ. ಇದನ್ನು ಮೇಸ್ತ್ರಿಗೆ ತಡೆದುಕೊಳ್ಳಲಾಗಲಿಲ್ಲ. ಬರಿಯ ಬಣ್ಣ ಬೋಲ್ಟಿನ ಸುರುಳಿ ಎಳೆಗಳಲ್ಲಿ ಇಳಿದು ಒಣಗಿ ಆ ನಾಲ್ಕು ನಟ್ಟನ್ನು ಕದಲದಂತೆ ಹಿಡಿದಿತ್ತು. ಅದಕ್ಕೇ ಗೀಟು ತುಂಡಾಗಿರಲಿಲ್ಲ. ಅದರ ಮೇಲೆ ನಂಬಿಕೆಯಿಟ್ಟು ಅವಳು ಈ ಇಳಿಜಾರಿಗೆ ಬಂದಿದ್ದಳು.

ಸುಮ್ಮನೆ ಕೆಳಗೆ ತೂರಿ, ಪೈಪು ಹಾಕಿ ಎಳೆದು, "ಸ್ವಲ್ಪ ಸಡಿಲ ಇತ್ತು" ಎಂದುಬಿಡಬಹುದಿತ್ತು. ಆ ಯೋಚನೆ ಅವನಿಗೆ ಬಂತು. ಸ್ಟೋರಿನವನು ಪಕ್ಕದಲ್ಲೇ ನಿಂತಿದ್ದ.

"ಆ ಗೀಟು ಸುಳ್ಳು" ಎಂದ ಮೇಸ್ತ್ರಿ.

"ಏನು?"

"ನಾನು ಬಿಗಿ ಮಾಡಿರಲಿಲ್ಲ. ಬೆರಳಲ್ಲಿ ತಿರುಗಿಸಿ ಬಿಟ್ಟಿದ್ದೆ. ನೀನು ಬಂದೆ. ನೀನು ಮುಟ್ಟಬಾರದು ಅಂತ ಮೊದಲೇ ಬಿಳಿ ಎಳೆದೆ. ಆಮೇಲೆ ಮರೆತೆ. ನಾಲ್ಕೂ ಸುಳ್ಳು."

ಸ್ಟೋರಿನವನು ಬಾಯಿ ತೆರೆದ. ಹದಿನೆಂಟು ವರ್ಷದ ಹಿಂದಿನ ಅವನ ಮಾತು ನಿಜವಾಗಿ ಎದುರಿಗೇ ಬಿದ್ದಿತ್ತು, ಬಗ್ಗಿ ಎತ್ತಿಕೊಂಡರೆ ಸಾಕಿತ್ತು. ಅವನು ಬಾಯಿ ಮುಚ್ಚಿ, ತನ್ನ ಕಾರಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ.

ಮಗಳು ಗಾಡಿಯ ಕೆಳಗೆ ಹೋದಳು. ಒಂದು ಬಿಳಿ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುವಿದಳು. ಬಣ್ಣ ಚಟ್ಟೆಂದು ಒಡೆಯಿತು, ನಟ್ಟು ಸರಾಗವಾಗಿ ತಿರುಗಿತು. ಉಳಿದ ಮೂರನ್ನೂ ತಿರುವಿ ನೋಡಿದಳು. ಹೊರಗೆ ಬಂದಾಗ ಅವಳ ಕಣ್ಣು ಅಪ್ಪನ ಮೇಲಿರಲಿಲ್ಲ, ಎಡಗಡೆಯ ಬಂಡೆಗಳ ಮೇಲಿತ್ತು.

"ಪೈಪು ಕೊಡು."

"ನಾನು ಮಾಡ್ತೀನಿ, ಸರಿ ಆ ಕಡೆ."

"ಬೇಡ. ನೀನು ಮುಟ್ಟಬೇಡ. ಪೈಪು ಕೊಡು."

ಕೊಟ್ಟ. ಮೂವತ್ತೊಂದು ವರ್ಷ ಬೇರೆಯವರು ಅವನ ಕೈಗೆ ಸಾಮಾನು ಕೊಡುತ್ತಿದ್ದರು. ಅವಳು ಎದುರುಬದುರು ನಟ್ಟುಗಳನ್ನು ಒಂದಾದ ಮೇಲೊಂದು ಎಳೆದಳು. ಉಕ್ಕು ಕಚ್ಚಿ ನಿಲ್ಲುವ ಸದ್ದು ನಾಲ್ಕು ಸಲ ಕೇಳಿತು. ನಿನ್ನೆ ಮಧ್ಯಾಹ್ನ ಮೇಸ್ತ್ರಿ ಕೇಳಬೇಕಿದ್ದ ಸದ್ದು ಅದು.

ಅವಳು ಥಿನ್ನರಿನ ಬಟ್ಟೆಯನ್ನು ಅವನತ್ತ ಎಸೆದಳು. "ಬಿಳಿ ನೀನೇ ಅಳಿಸು."

ಮೇಸ್ತ್ರಿ ಕಲ್ಲಿನ ಮೇಲೆ ಮಲಗಿ, ತೆವಳಿಕೊಂಡು ಹೋಗಿ, ತನ್ನ ನಾಲ್ಕು ಗೀಟನ್ನು ತಾನೇ ಉಜ್ಜಿ ತೆಗೆದ. ಬಣ್ಣದ ಚೂರು ಕಣ್ಣಿಗೆ ಬಿತ್ತು. ಅವನು ಹೊರಗೆ ಬಂದ ಮೇಲೆ ಅವಳು ಒಳಗೆ ಹೋಗಿ ಕೆಂಪು ಎಳೆದಳು.

ಬಿಚ್ಚಿದ್ದನ್ನೆಲ್ಲ ಮತ್ತೆ ಕಟ್ಟಲು ಒಂದು ಗಂಟೆ ಹಿಡಿಯಿತು. ಸ್ಟೋರಿನವನು ಸಹಾಯ ಮಾಡಿದ. ಮೇಸ್ತ್ರಿ, ಅವರಿಬ್ಬರು ಕೇಳಿದ ಸ್ಪ್ಯಾನರ್ ಎತ್ತಿ ಕೊಡುತ್ತಿದ್ದ.

"ನದಿ ದಾಟಿದ ಮೇಲೆ ಒಂದು ದಿಬ್ಬ ಇದೆ, ಅಲ್ಲಿ ಸಿಗ್ನಲ್ ಬರತ್ತೆ" ಎಂದಳು ಮಗಳು, ಸ್ಟೇರಿಂಗ್ ಹಿಡಿದು. "ಸಂಜೆ ಫೋನ್ ಮಾಡ್ತೀನಿ." ಗಾಡಿ ಚಾಲೂ ಮಾಡಿದಳು. "ಅಮ್ಮನಿಗೆ."

ಮೇಸ್ತ್ರಿ ತಿರುವಿನಲ್ಲಿ ನಿಂತು ಕೆಳಗೆ ನೋಡಿದ. ಗಾಡಿ ನದಿಗೆ ಇಳಿಯಿತು, ನೀರು ಬಾಗಿಲ ಅರ್ಧಕ್ಕೆ ಬಂತು, ಸೊಂಡಿಲು ನೀರಿನ ಮೇಲೆ ನೆಟ್ಟಗೆ ನಿಂತು ಆ ದಡಕ್ಕೆ ಹೋಯಿತು. ಕಾರು ಊರಿಗೆ ವಾಪಸಾಯಿತು. ಮನೆಯ ಬೀದಿಯಲ್ಲಿ ಇಳಿಸುವಾಗ ಸ್ಟೋರಿನವನು "ಚಪ್ಪಲಿ ಹಾಕ್ಕೊಂಡು ಓಡಾಡು" ಎಂದಷ್ಟೇ ಹೇಳಿದ.

ಸಂಜೆ ಹೆಂಡತಿಯ ಫೋನಿಗೆ ಮಗಳ ಕರೆ ಬಂತು. ಮೇಸ್ತ್ರಿ ಆಚೆ ಕೋಣೆಯಲ್ಲಿ ಕೂತಿದ್ದ.

"ಸದ್ದು ಬಂತಾ ಕೇಳು" ಎಂದ.

ಹೆಂಡತಿ ಕೇಳಿದಳು. "ಇಲ್ವಂತೆ."

"ಎಡಕ್ಕೆ ಎಳೀತಾ ಕೇಳು."

"ಇಲ್ವಂತೆ." ಸ್ವಲ್ಪ ತಡೆದು, "ಇನ್ನೇನಾದ್ರೂ ಇದೆಯಾ ಅಂತಿದ್ದಾಳೆ" ಎಂದಳು.

ಇತ್ತು. ಅವನು ಅದನ್ನು ಹೇಳುವ ಮೊದಲೇ ಹೆಂಡತಿ ಫೋನು ಕೆಳಗಿಟ್ಟ ಸದ್ದು ಕೇಳಿತು.

ಎದ್ದು ಅಡುಗೆಮನೆಗೆ ಹೋದ. ಬೆಳಿಗ್ಗೆ ಬಿಗಿ ಮಾಡಿದ ನಲ್ಲಿಯ ನಟ್ಟಿಗೆ ಗೀಟು ಇರಲಿಲ್ಲ. ಬ್ರಷ್ ಡಬ್ಬಿಯೊಳಗೇ ಒಣಗಿ ಕಡ್ಡಿಯಾಗಿತ್ತು. ನಟ್ಟಿಗೆ ಕೈಯಿಟ್ಟು ನೋಡಿದ, ಬಿಗಿಯಾಗಿತ್ತು. ಗೀಟಿಲ್ಲದ ನಟ್ಟನ್ನು ದಿನಾ ಮುಟ್ಟಿ ನೋಡಬೇಕಾಗುತ್ತದೆ. ಈಗ ಮೇಸ್ತ್ರಿ ದಿನಾ ಬೆಳಿಗ್ಗೆ ಮುಟ್ಟಿ ನೋಡುತ್ತಾನೆ.